ಮಳೆಗಾಲದಲ್ಲಿ ತಪ್ಪಿದ ವ್ಯಾಯಾಮವನ್ನು ಮತ್ತೆ ಹಿಡಿಯುವುದು ಹೇಗೆ?

ಮೇ ತಿಂಗಳ ಬೆಳಗ್ಗೆ ಆರು ಗಂಟೆಗೆ ತೀರ್ಥಹಳ್ಳಿಯ ತುಂಗಾ ಸೇತುವೆಯ ಮೇಲೆ ನಿಂತರೆ ಕುರುವಳ್ಳಿಯ ಕಡೆಗೆ ಬಿರುಸಾಗಿ ನಡೆಯುವವರು ಗುಂಪು ಗುಂಪಾಗಿ ಕಾಣಸಿಗುತ್ತಾರೆ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಅವರಲ್ಲಿ ಕಾಲು ಭಾಗದವರೂ ಉಳಿದಿರುವುದಿಲ್ಲ. ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳೆಲ್ಲ ಸುರಿದು ಸೆಪ್ಟೆಂಬರಿನಲ್ಲಿ ಬಿಸಿಲು ಕಂಡಾಗ ಮರಳಿ ಬರುವವರು ಇನ್ನೂ ಕಡಿಮೆ. ಮಲೆನಾಡಿನ ಮಳೆಗೆ ನಡಿಗೆ ನಿಲ್ಲುವುದು ಸಹಜ, ಅದಕ್ಕೆ ಯಾರೂ ನಾಚಿಕೆಪಡಬೇಕಾಗಿಲ್ಲ. ಆದರೆ ಹಲವು ಮಳೆಗಾಲಗಳಿಂದ ಇದನ್ನೇ ನೋಡುತ್ತ ಬಂದಿರುವ ನನ್ನ ಅನುಭವದಲ್ಲಿ, ಹೆಚ್ಚಿನವರ ಅಭ್ಯಾಸ ಪೂರ್ತಿ ಮುರಿದುಬೀಳುವುದು ಮತ್ತೆ ಶುರು ಮಾಡಿದ ಮೊದಲ ಎರಡು ವಾರಗಳಲ್ಲಿ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಇದಕ್ಕೆ ಒಳ್ಳೆಯ ಉದಾಹರಣೆ. ಐದು ವಾರ ಮನೆಯಲ್ಲೇ ಕೂತು ಬೇಸತ್ತಿದ್ದ ಅವರು ಆಗಸ್ಟಿನ ಒಂದು ಹೊಳವಾದ ಬೆಳಗ್ಗೆ "ಬಾಕಿಯೆಲ್ಲ ತೀರಿಸಿಬಿಡುತ್ತೇನೆ" ಎಂದು ಒಂದೇ ಉಸಿರಿಗೆ ಏಳು ಕಿಲೋಮೀಟರು ನಡೆದು ಬಂದರು. ಐದನೆಯ ದಿನ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರುವಾಗ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಯಿತು. ಆ ನೋವು ದೀಪಾವಳಿಯವರೆಗೂ ಬಿಡಲಿಲ್ಲ, ಆ ವರ್ಷದ ನಡಿಗೆ ಅಲ್ಲಿಗೇ ಮುಗಿಯಿತು.

ಮೊದಲ ಹಂತ: ತಪ್ಪಿದ್ದು ಏನೆಂದು ಗೊತ್ತುಮಾಡಿಕೊಳ್ಳಿ

ಜಾಗ ತಪ್ಪಿದೆಯೇ, ಹೊತ್ತು ತಪ್ಪಿದೆಯೇ, ಅಥವಾ ಮೈಯೇ ಕೈಕೊಟ್ಟಿದೆಯೇ? ಮಳೆಯಿಂದ ತಪ್ಪುವುದು ಜಾಗ, ಮನೆಯಲ್ಲಿ ಮದುವೆ ಬಂದರೆ ತಪ್ಪುವುದು ಹೊತ್ತು, ಜ್ವರ ಬಂದರೆ ಎರಡೂ ಇದ್ದು ಮೈ ಇರುವುದಿಲ್ಲ. ಮೊದಲ ಎರಡಕ್ಕೆ ಮುಂದಿನ ಹಂತ ಸಾಕು. ಮೂರನೆಯದಕ್ಕೆ ನೇರವಾಗಿ ಕೊನೆಯ ಹಂತವನ್ನು ಓದಿ.

ಎರಡನೆಯ ಹಂತ: ಮಳೆಗಾಲದ ಅಳತೆಯೊಂದನ್ನು ಇಟ್ಟುಕೊಳ್ಳಿ

ಬೇಸಿಗೆಯ ಅಳತೆಯನ್ನೇ ಮಳೆಗಾಲದಲ್ಲೂ ಸಾಧಿಸುತ್ತೇನೆಂದು ಹೊರಡುವವರು ಮೂರನೆಯ ದಿನಕ್ಕೆ ಸೋಲುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಹೇಳುತ್ತದೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಿರಬೇಕೆಂಬ ಹಳೆಯ ನಿಯಮವನ್ನು 2020ರ ಮಾರ್ಗಸೂಚಿಯಲ್ಲಿ ಅದು ಕೈಬಿಟ್ಟಿರುವುದರಿಂದ, ಬೆಳಗ್ಗೆ ಏಳು ನಿಮಿಷ, ಸಂಜೆ ಎಂಟು ನಿಮಿಷ ಮಾಡಿದ್ದೂ ಲೆಕ್ಕಕ್ಕೆ ಸೇರುತ್ತದೆ. 10,000 ಹೆಜ್ಜೆಯ ಗುರಿಯ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಅದು 1960ರ ದಶಕದಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹುಟ್ಟಿಕೊಂಡ ಸಂಖ್ಯೆ.

ಜಗಲಿಯಿದ್ದವರು ಅದನ್ನು ಅಳೆಯಿರಿ. ನಮ್ಮ ಜಗಲಿ 30 ಅಡಿ ಉದ್ದವಿದೆ. ಹೋಗಿ ಬಂದರೆ 60 ಅಡಿಯಾಗುತ್ತದೆ, ಅಂದರೆ 55 ಸುತ್ತಿಗೆ ಸುಮಾರು ಒಂದು ಕಿಲೋಮೀಟರು. ತುದಿ ಮುಟ್ಟಿದಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಬೇಕು. ಸದಾ ಒಂದೇ ಕಡೆಗೆ ಹೊರಳಿದರೆ ಆ ಕಡೆಯ ಮಂಡಿ ಗೊಣಗತೊಡಗುತ್ತದೆ. ಸುತ್ತು ಎಣಿಸಲು ಕಿಟಕಿಯ ಮೇಲೆ ಹತ್ತು ಅಡಿಕೆ ಇಟ್ಟುಕೊಂಡು ಐದು ಸುತ್ತಿಗೊಂದರಂತೆ ಸರಿಸುತ್ತ ಹೋಗುವುದು ನನ್ನ ಪದ್ಧತಿ. ಮಳೆಗಾಲದಲ್ಲಿ ಕಾವಿ ನೆಲ ಬೆವರುವುದರಿಂದ ಮೊದಲು ಒಣಬಟ್ಟೆಯಲ್ಲಿ ಒರೆಸಿ ಬರಿಗಾಲಿನಲ್ಲಿ ನಡೆಯಿರಿ. ಗೋಣಿಚೀಲ ಹಾಸಿಕೊಂಡವರು ಚೀಲದ ಸಮೇತ ಜಾರುತ್ತಾರೆ.

ಜಗಲಿಯಿಲ್ಲದವರಿಗೆ ಗರಡಿ ಮನೆಯವರ ದಂಡೆ, ಬಸ್ಕಿಗಳಿವೆ. ನಲವತ್ತು ದಾಟಿದವರು ಪೂರ್ತಿ ಬಸ್ಕಿಗೆ ಇಳಿಯದೆ, ಗೋಡೆಗೆ ಒರಗಿಸಿಟ್ಟ ಮರದ ಕುರ್ಚಿಯ ಅಂಚಿಗೆ ಕುಂಡೆ ತಾಗಿಸಿ, ಕೈಯೂರದೆ ಎದ್ದು ನಿಲ್ಲಬೇಕು. ಹತ್ತು ಸಲ ಹೀಗೆ ಮಾಡಿ, ನಂತರ ಗೋಡೆಗೆ ಎರಡೂ ಅಂಗೈ ಊರಿ ಹತ್ತು ಸಲ ಎದೆಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳಿದರೆ ಒಂದು ಸುತ್ತು. ಮೂರು ಸುತ್ತಿಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಇಷ್ಟರಿಂದ ಏನಾದೀತು ಎಂದು ಕೇಳುವವರು ಒಂದು ಮಾತನ್ನು ತಿಳಿದಿರಬೇಕು: ಗಳಿಸಿದ ಬಲವನ್ನು ಉಳಿಸಿಕೊಳ್ಳಲು ಅದನ್ನು ಗಳಿಸಲು ಬೇಕಾದದ್ದಕ್ಕಿಂತ ತೀರ ಕಡಿಮೆ ದುಡಿಮೆ ಸಾಕು. ವಾರಕ್ಕೆ ಒಂದೆರಡು ಸಲವಾದರೂ ಮೈಗೆ ಸರಿಯಾಗಿ ಬಿಸಿ ಮುಟ್ಟುವಂತೆ ಮಾಡುವವರು ಎರಡು ಮೂರು ತಿಂಗಳು ದೊಡ್ಡ ನಷ್ಟವಿಲ್ಲದೆ ಕಳೆಯಬಲ್ಲರು.

ಕೊಡೆ ಹಿಡಿದು ನಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದು ಕೈ ಬೀಸುವುದಿಲ್ಲ, ಭುಜ ಬಿಗಿಯುತ್ತದೆ, ದೃಷ್ಟಿಯೆಲ್ಲ ಗುಂಡಿಗಳ ಮೇಲೆ, ಮನೆಗೆ ಬಂದು ನೋಡಿದರೆ ಕಾಲ್ಬೆರಳ ಸಂದಿಯಲ್ಲಿ ಉಂಬಳ. ಕಡಿಮೆ ಬೆಲೆಯ ಟ್ರೆಡ್‌ಮಿಲ್ಲನ್ನು ಕಂತಿನ ಮೇಲೆ ತರುವವರೂ ಇದ್ದಾರೆ. ಮಳೆ ಜೋರಾದ ದಿನ ನಮ್ಮಲ್ಲಿ ಕರೆಂಟು ಇರುವುದಿಲ್ಲ, ಯಂತ್ರ ಬೇಕಾಗುವುದೂ ಅದೇ ದಿನ. ನಾನು ಕಂಡ ಮೂರು ಮನೆಗಳಲ್ಲೂ ಅದರ ಮೇಲೆ ಒದ್ದೆ ಬಟ್ಟೆ ಒಣಗುತ್ತಿತ್ತು. ಇನ್ನು ಸೊಂಟಕ್ಕೆ ಸುತ್ತಿಕೊಂಡು ನಡುಗಿಸುವ ಬೆಲ್ಟುಗಳಿಂದ ಕರಗುವುದು ಹಣ ಮಾತ್ರ.

ಮೂರನೆಯ ಹಂತ: ಹೊತ್ತನ್ನು ಬದಲಿಸಬೇಡಿ

ಮಾಡುವ ಕೆಲಸ ಕುಗ್ಗಲಿ, ಮಾಡುವ ಹೊತ್ತು ಅದೇ ಇರಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಹಿಡಿಯುವ ಕಾಲ ಜನರಿಂದ ಜನರಿಗೆ 18 ದಿನಗಳಿಂದ 254 ದಿನಗಳವರೆಗೆ (12 ವಾರ ಮೀರಿದ್ದು ಅಂದಾಜಿನ ಲೆಕ್ಕ) ಬೇರೆಯಾಗುತ್ತದೆಂದು, ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲವೆಂದು ಕಂಡುಬಂತು. ಅಭ್ಯಾಸವನ್ನು ಎಬ್ಬಿಸುವುದು ಪ್ರತಿದಿನ ಬರುವ ಒಂದು ಗುರುತು. ನನಗದು ಕಾಫಿ ಡಿಕಾಕ್ಷನ್ ಇಳಿಯುವ ಸಮಯ. ಫಿಲ್ಟರಿಗೆ ಬಿಸಿನೀರು ಸುರಿದು ಜಗಲಿಗೆ ಹೊರಟರೆ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅಂದಿನ ಕನಿಷ್ಠ ಅಳತೆ ಮುಗಿದಿರುತ್ತದೆ.

ನಾಲ್ಕನೆಯ ಹಂತ: ಮರಳುವುದು

ಎಲ್ಲರೂ ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ವ್ಯಾಯಾಮ ನಿಂತ ಎರಡು ವಾರಗಳೊಳಗೆ ರಕ್ತದಲ್ಲಿನ ದ್ರವಾಂಶ ಕಡಿಮೆಯಾಗತೊಡಗುತ್ತದೆ, ಹೃದಯ ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತವೂ ಕಡಿಮೆಯಾಗುತ್ತದೆ. ಮೊದಲಿನ ವೇಗದಲ್ಲೇ ನಡೆದರೂ ಏದುಸಿರು ಬರುವುದು ಇದರಿಂದ. ಮತ್ತೆ ಶುರು ಮಾಡಿದಾಗ ಬೇಗ ಸುಧಾರಿಸುವುದೂ ಉಸಿರೇ. ಆದರೆ ಹಿಮ್ಮಡಿ, ಮೀನಖಂಡ, ಮಂಡಿಗಳ ಸುತ್ತಲಿನ ನಾರುಗಳು ಅಷ್ಟು ಬೇಗ ಹದಕ್ಕೆ ಬರುವುದಿಲ್ಲ. ನಾಲ್ಕನೆಯ ಅಥವಾ ಐದನೆಯ ದಿನ ಉಸಿರು ಹಗುರವಾದಾಗ ಮನಸ್ಸು "ಇನ್ನೇನು ತೊಂದರೆಯಿಲ್ಲ, ದೂರ ಹೋಗೋಣ" ಎನ್ನುತ್ತದೆ; ಮೇಷ್ಟ್ರ ಹಿಮ್ಮಡಿಯಂತೆ ಕಾಲುಗಳು ಮುಷ್ಕರ ಹೂಡುವುದೂ ಆ ದಿನವೇ. ಆದ್ದರಿಂದ ಉಸಿರಿನ ಮಾತನ್ನು ನಂಬದೆ ಕಾಲಿನ ಮಾತನ್ನು ಕೇಳಬೇಕು.

ಬಿಡುವು ಒಂದು ವಾರದೊಳಗಿನದಾದರೆ ಮೊದಲ ದಿನ ಸ್ವಲ್ಪ ಕಡಿಮೆ ಮಾಡಿ, ಮರುದಿನದಿಂದ ಎಂದಿನಂತೆ ಮುಂದುವರಿಯಬಹುದು. ಎರಡರಿಂದ ನಾಲ್ಕು ವಾರ ತಪ್ಪಿದ್ದರೆ, ಮೊದಲು 40 ನಿಮಿಷ ನಡೆಯುತ್ತಿದ್ದವರು ಮೊದಲ ವಾರ 20, ಎರಡನೆಯ ವಾರ 30, ಮೂರನೆಯ ವಾರ 40 ನಿಮಿಷ ನಡೆಯಬೇಕು. ಆ ಮೂರು ವಾರವೂ ದೂರವನ್ನು ಲೆಕ್ಕಿಸದೆ ಗಡಿಯಾರವನ್ನಷ್ಟೇ ನೋಡಬೇಕು. ತಿಂಗಳು ಮೀರಿದ್ದರೆ 10 ನಿಮಿಷದಿಂದ ಹೊಸಬರಂತೆ ಆರಂಭಿಸಿ. ನಡೆಯುವಾಗ ಜೊತೆಗಾರರೊಂದಿಗೆ ಮಾತಾಡಲು ಆಗುತ್ತಿದ್ದು, ಹಾಡಲು ಆಗದಿದ್ದರೆ ವೇಗ ಸರಿಯಾಗಿದೆಯೆಂದು ತಿಳಿಯಬಹುದು. ಮಾತಿನ ನಡುವೆ ಉಸಿರಿಗಾಗಿ ನಿಲ್ಲಬೇಕಾದರೆ ನಿಧಾನಿಸಿ. ಮರುದಿನ ಹಾಸಿಗೆಯಿಂದ ಇಳಿದು ಮೊದಲ ಹತ್ತು ಹೆಜ್ಜೆ ಇಡುವಾಗ ಹಿಮ್ಮಡಿ, ಮಂಡಿಗಳನ್ನು ಗಮನಿಸಿ. ಮೈಕೈ ಹಿಡಿದಂತಿದ್ದರೆ ಚಿಂತೆಯಿಲ್ಲ. ಒಂದೇ ಬಿಂದುವಿನಲ್ಲಿ ಚುಚ್ಚುವ ನೋವಿದ್ದರೆ ಅಂದು ನಡಿಗೆ ಬೇಡ, ಕುರ್ಚಿಯ ಬಸ್ಕಿಯೂ ಬೇಡ. ಗೋಡೆಗೆ ಕೈಯೂರಿ ಮಾಡುವ ದಂಡೆಯಷ್ಟೇ ಸಾಕು. ತಪ್ಪಿದ ದಿನಗಳ ಬಾಕಿಯನ್ನು ಮಾತ್ರ ಎಂದೂ ತೀರಿಸಲು ಹೋಗಬೇಡಿ.

ಜ್ವರದಿಂದ ಎದ್ದವರ ದಾರಿ ಬೇರೆ. ಮಳೆಗಾಲದಲ್ಲಿ ನಮ್ಮ ಕಡೆ ಡೆಂಗಿ ಸಾಮಾನ್ಯ. ಅದರಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ಪ್ಲೇಟ್‌ಲೆಟ್ ಕುಸಿಯುವುದೂ ಹೆಚ್ಚಾಗಿ ಆಗಲೇ. ಮೈ ತಣ್ಣಗಾಯಿತೆಂದು ಮರುದಿನವೇ ಜಗಲಿ ಸುತ್ತಲು ಹೊರಡುವುದು ತಪ್ಪು. ಯಾವುದೇ ವೈರಾಣು ಜ್ವರದಲ್ಲಿ ಅಪರೂಪಕ್ಕೆ ಹೃದಯದ ಸ್ನಾಯುವಿಗೂ ಉರಿಯೂತ ತಗಲುವುದುಂಟು. ಅಂಥ ಹೊತ್ತಿನಲ್ಲಿ ದಣಿಯುವುದು ಅಪಾಯಕಾರಿ. ವೈದ್ಯರು ಒಪ್ಪಿದ ಮೇಲೆ, ಮನೆಯೊಳಗಿನ ಓಡಾಟ ದಣಿವಿಲ್ಲದೆ ಸಾಗುವವರೆಗೆ ಕಾದು, ದಿನಕ್ಕೆ ಐದು ನಿಮಿಷದಿಂದ ಶುರು ಮಾಡಿ. ಬೆಳಗ್ಗೆ ಏಳುವ ಮುಂಚೆ ಮಲಗಿದಲ್ಲೇ ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡಿ. ಎಂದಿಗಿಂತ ಎಂಟು ಹತ್ತು ಬಡಿತ ಹೆಚ್ಚಿದ್ದ ದಿನ ನಾನು ವಿಶ್ರಾಂತಿ ಪಡೆಯುತ್ತೇನೆ. ಎದೆನೋವು, ತಲೆಸುತ್ತು, ಅಕಾರಣ ಏದುಸಿರು ಕಂಡರೆ ಮುಂದಿನ ಸುತ್ತಿಗೆ ಹೋಗದೆ ವೈದ್ಯರಲ್ಲಿಗೆ ಹೋಗಿ.

ಕೊನೆಯದಾಗಿ, ರಸ್ತೆಗೆ ಇಳಿಯುವ ಮುನ್ನ ಶೂ ನೋಡಿಕೊಳ್ಳಿ. ಮೂಲೆಯಲ್ಲಿ ಬೂಸ್ಟು ಹಿಡಿದ ಶೂವನ್ನು ಬಚ್ಚಲೊಲೆಯ ಬಳಿ ಒಣಗಿಸುವುದು ನಮ್ಮಲ್ಲಿ ರೂಢಿ, ಆದರೆ ಆ ಕಾವಿಗೆ ಅಂಟು ಸಡಿಲಗೊಂಡು ತಳ ಕಿತ್ತುಬರುತ್ತದೆ. ಒಳಗಿನ ಹಾಸನ್ನು ತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಕಟ್ಟಿ ತುರುಕಿ, ನಾಲ್ಕೈದು ಗಂಟೆಗೊಮ್ಮೆ ಬದಲಿಸಿದರೆ ಒಂದೆರಡು ದಿನಗಳಲ್ಲಿ ಒಣಗುತ್ತದೆ. ಮಳೆ ಬಿಟ್ಟ ಕೂಡಲೇ ಕಾಂಕ್ರೀಟ್ ರಸ್ತೆಯ ಇಳಿಜಾರುಗಳತ್ತ ಹೋಗಬೇಡಿ, ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಾಚಿ ಕಟ್ಟಿರುತ್ತದೆ. ಮೂರು ದಿನ ಒಳ್ಳೆಯ ಬಿಸಿಲು ಬೀಳುವವರೆಗೆ ಡಾಂಬರು ರಸ್ತೆಯಲ್ಲೇ ನಡೆಯಿರಿ.