ಮೂರನೇ ಸಲಕ್ಕೆ ಕ್ಲಿಕ್

ಉಡುಪಿಯ ಕೃಷ್ಣಮಠದ ರಾಜಾಂಗಣ ಸಭಾಂಗಣದಲ್ಲಿ ನಾನು ಮೊದಲ ಸಲ ಸಂಗೀತ ಕಛೇರಿಯ ಫೋಟೊ ತೆಗೆಯಲು ಕೂತಾಗ ಗಾಯಕರು ತೋಡಿ ರಾಗದ ಆಲಾಪನೆ, ಅಂದರೆ ತಾಳವಿಲ್ಲದೆ ರಾಗ ಬಿಡಿಸಿ ಹಾಡುವುದನ್ನು, ಶುರು ಮಾಡಿದ್ದರು. ತುಂಬಾ ಮೆಲ್ಲಗೆ, ಮಂದ್ರದಲ್ಲಿ. ಕಣ್ಣು ಮುಚ್ಚಿತ್ತು, ಕೈ ಗಾಳಿಯಲ್ಲಿ ಸ್ವರ ಹುಡುಕುತ್ತಿತ್ತು. ನಾನು ಬಿಡದೆ ಕ್ಲಿಕ್ ಮಾಡಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೊಣಕೈ ಮುಟ್ಟಿದರು. "ಮಾರಾಯ್ರೆ, ಅದು ಟಕ್ ಟಕ್ ಕೇಳ್ತದೆ. ಸ್ವಲ್ಪ ನಿಲ್ಲಿಸ್ತೀರಾ?" ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ತಟ್ಟಿತು.

ಮುಂದಿನ ಸಲ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದೆ. ಮನೆಗೆ ಬಂದು ನೋಡಿದರೆ ಫೋಟೊ ತುಂಬಾ ಅಡ್ಡಡ್ಡ ಕಪ್ಪು ಪಟ್ಟಿ, ಗಾಯಕರ ಮುಖದ ಮೇಲೂ. ಎಲ್‌ಇಡಿ ದೀಪ ನಮ್ಮ ಕಣ್ಣಿಗೆ ಗೊತ್ತಾಗದ ಹಾಗೆ ಮಿನುಗುತ್ತಿರುತ್ತದೆ. ಆ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ದೀಪ ಮಂಕಾದಾಗ ಓದಿದ ಸಾಲು ಕಪ್ಪಾಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಅದರ ಜೊತೆ ಮಿನುಗುವ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಾಗಾಗಿ ಶಟರ್ ವೇಗ 1/100 ಸೆಕೆಂಡಿಗೆ ಇಳಿಸಿದರೆ ಪಟ್ಟಿ ಬಹುಮಟ್ಟಿಗೆ ಹೋಗುತ್ತದೆ. ವೇದಿಕೆಯ ಬಣ್ಣದ ಲೈಟುಗಳಿಗೆ ಈ ಲೆಕ್ಕ ಯಾವಾಗಲೂ ಹೊಂದುವುದಿಲ್ಲ. ಮೆಕ್ಯಾನಿಕಲ್ ಶಟರಿನಲ್ಲಿ ಈ ಕಾಟ ತುಂಬಾ ಕಮ್ಮಿ. ಮತ್ತೆ ಅದಕ್ಕೇ ಬಂದೆ, ಸದ್ದಿನ ಸಮೇತ.

ಆ ಸದ್ದನ್ನು ಸಂಗೀತದೊಳಗೆ ಅಡಗಿಸಬೇಕಿತ್ತು. ಅದಕ್ಕೆ ತಾಳ ಗೊತ್ತಿರಬೇಕು, ಅಲ್ವಾ? ಎಷ್ಟೋ ಕಛೇರಿಗಳಲ್ಲಿ ಕ್ಯಾಮೆರಾ ಪಕ್ಕಕ್ಕಿಟ್ಟು, ತೊಡೆಯ ಮೇಲೆ ಆದಿತಾಳದ ಎಂಟು ಎಣಿಕೆ ಹಾಕುತ್ತಾ ಸುಮ್ನೆ ಕೇಳಿದೆ.

ಹಾಡಿನ ನಡುವೆ ತಾಳವಾದ್ಯಗಳಷ್ಟೇ ನುಡಿಯುವ ಭಾಗ ತನಿ ಆವರ್ತನ. ನನಗೆ ಅದೆಂದರೆ ಈಗ ಎದೆ ಬಡಿತ ಏರುತ್ತದೆ. ಮೃದಂಗ, ಘಟ ಸರದಿಯಲ್ಲಿ ನುಡಿದು ಕೊನೆಗೆ ಒಟ್ಟಾಗುತ್ತವೆ. ಕೊನೆಯ ಮುಕ್ತಾಯವನ್ನು, ಅಂದರೆ ತನಿ ಮುಗಿಸುವ ನುಡಿಕಟ್ಟನ್ನು, ಸಾಮಾನ್ಯವಾಗಿ ಮೂರು ಸಲ ನುಡಿಸುತ್ತಾರೆ. ಮೊದಲ ಸಲ ಅದರ ನಡೆ ಹಿಡಿಯುತ್ತೇನೆ. ಎರಡನೇ ಸಲ, ಮೈಕಿನ ಸ್ಟ್ಯಾಂಡ್ ಮುಖಕ್ಕೆ ಅಡ್ಡ ಬರದ ಹಾಗೆ ಒಂದಡಿ ಸರಿದು ಫೋಕಸ್ ಮಾಡುತ್ತೇನೆ. ಮೂರನೆಯದು ಮುಗಿದು ಹಾಡಿನ ಸಾಲು ಎತ್ತುವಾಗ ಕಲಾವಿದರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ನನಗೆ ಬೇಕಾದ್ದು ಆ ನಗು. ಅಷ್ಟರಲ್ಲಿ ಚಪ್ಪಾಳೆ ಎದ್ದಿರುತ್ತದೆ, ಕ್ಲಿಕ್ ಯಾರಿಗೂ ಕೇಳುವುದಿಲ್ಲ.

ದೂರದ ಮುಖ ಹತ್ತಿರ ತರಲು 85 ಎಂಎಂ ಲೆನ್ಸ್, ಬೆಳಕು ಜಾಸ್ತಿ ಒಳಬರಲು ಎಫ್ 1.8, ಮಂದ ಬೆಳಕಿಗೆ ಐಎಸ್‌ಒ ಸುಮಾರು 3200. ಹಿಂದಿನ ಪರದೆ ಕಪ್ಪಾಗಿದ್ದರೆ ಬೆಳಕನ್ನು ಮುಖದ ಮೇಲೆ ಮಾತ್ರ ಅಳೆಯುತ್ತೇನೆ. ಫ್ಲ್ಯಾಶ್ ಹಾಕುವುದೇ ಇಲ್ಲ. 1/100ರಲ್ಲಿ ಮೃದಂಗದ ಮೇಲಿನ ಬೆರಳು ಹೊಗೆಯ ಹಾಗೆ ಕದಡುತ್ತದೆ, ಮುಖ ನಿಶ್ಚಲ. ನನಗೆ ಅದು ತುಂಬಾ ಇಷ್ಟ.

ಆಲಾಪನೆ ನಡೆಯುವಾಗ ಈಗ ಕ್ಯಾಮೆರಾ ಎತ್ತುವುದಿಲ್ಲ. ಆ ಮೊದಲ ದಿನದ ತೋಡಿಯ ಫೋಟೊಗಳು ಬಿಟ್ಟರೆ ನನ್ನ ಬಳಿ ಬೇರೆ ಆಲಾಪನೆಯ ಫೋಟೊ ಇಲ್ಲ.