ಹಡಗು ಡಿಕ್ಕಿಯ ಬಗ್ಗೆ ನಾವಿಕರು ಕೊಟ್ಟ ಹೇಳಿಕೆಯನ್ನು ಓದುವ ಬಗೆ

1914ರ ಮೇ 29ರ ನಡುರಾತ್ರಿ ಕಳೆದ ಮೇಲೆ, ಕೆನಡಾದ ಸೇಂಟ್ ಲಾರೆನ್ಸ್ ನದಿಯ ಮಂಜಿನಲ್ಲಿ, ಕಲ್ಲಿದ್ದಲು ತುಂಬಿದ್ದ ನಾರ್ವೆಯ ಸ್ಟೋರ್‌ಸ್ಟಾಡ್ ಹಡಗು ಪ್ರಯಾಣಿಕರಿದ್ದ ಎಂಪ್ರೆಸ್ ಆಫ್ ಐರ್ಲೆಂಡ್ ಹಡಗಿನ ಬಲಮಗ್ಗುಲನ್ನು ಸೀಳಿತು. 14 ನಿಮಿಷದಲ್ಲಿ ಎಂಪ್ರೆಸ್ ಮುಳುಗಿತು, 1,012 ಜನ ಸತ್ತರು. ವಿಚಾರಣೆಯಲ್ಲಿ ಎರಡೂ ಕಡೆಯವರ ಮಾತು ತಾಳೆಯಾಗಲಿಲ್ಲ. ಇಂಥ ಹೇಳಿಕೆಗಳನ್ನು ಓದುವಾಗ ಯಾರು ಸುಳ್ಳುಗಾರರು ಎಂದು ಮೊದಲೇ ಗೆರೆ ಎಳೆಯಬೇಡಿ. ಹಡಗುಗಳು ಸಾಗಿದ ದಾರಿಯ ನಕ್ಷೆ ಬಿಡಿಸಲು ಕಾಗದ, ಪೆನ್ಸಿಲ್, ಕೋನಮಾಪಕ ಹಿಡಿದು ಕೂರಿ.

ಮೊದಲು ದೀಪಗಳು. ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ನೇರ ಮುಂದಿನಿಂದ ಆಯಾ ಮಗ್ಗುಲಿಗೆ 112.5 ಡಿಗ್ರಿಯವರೆಗೆ ಮಾತ್ರ ಅವು ಕಾಣುತ್ತವೆ. ನಿಮಗೆ ಎದುರಿನ ಹಡಗಿನ ಹಸಿರು ಕಂಡರೆ ನೀವು ಅದರ ಬಲಗಡೆ ಇದ್ದೀರಿ ಎಂದರ್ಥ. ಎಂಪ್ರೆಸ್‌ನ ಕ್ಯಾಪ್ಟನ್ ಹೆನ್ರಿ ಕೆಂಡಲ್, ಸ್ಟೋರ್‌ಸ್ಟಾಡ್ ತನ್ನ ಬಲಕ್ಕಿತ್ತು, ಹಸಿರಿಗೆ ಹಸಿರು ತೋರಿಸಿ ದಾಟಿಹೋಗುವುದಿತ್ತು ಎಂದರು. ಸ್ಟೋರ್‌ಸ್ಟಾಡ್‌ನವರು ಎಂಪ್ರೆಸ್‌ನ ಕೆಂಪು ಕಂಡೆವು ಎಂದರು. ಒಂದೇ ಕ್ಷಣದಲ್ಲಿ ಎರಡೂ ನಿಜವಾಗಲಾರವು. ಆದರೆ ನಡುವೆ ಹಡಗಿನ ಮೂತಿ ತಿರುಗಿದ್ದರೆ, ಬೇರೆ ಬೇರೆ ನಿಮಿಷದಲ್ಲಿ ಎರಡೂ ನಿಜವಾಗಬಹುದು. ಹಾಗಾಗಿ ಬಣ್ಣದ ಪಕ್ಕದಲ್ಲಿ ಸಮಯ ಬರೆದುಕೊಳ್ಳಿ, ಸಮಯ ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಮುಂದೆ ಚುಕ್ಕಾಣಿ. ಇಲ್ಲಿಯೇ ಓದುಗರು ಹೆಚ್ಚಾಗಿ ಎಡವುತ್ತಾರೆ. ಆ ಕಾಲದ ಬ್ರಿಟಿಷ್ ರೂಢಿಯಲ್ಲಿ ‘ಪೋರ್ಟ್’ (ಎಡಕ್ಕೆ) ಎಂದು ಆಜ್ಞೆ ಕೊಟ್ಟರೆ ಹಡಗಿನ ಮೂತಿ ಬಲಕ್ಕೆ ಹೊರಳುತ್ತಿತ್ತು. ಆಜ್ಞೆ ಚುಕ್ಕಾಣಿಯ ಹಿಡಿಗೆ ಅನ್ವಯಿಸುತ್ತಿತ್ತು, ಮೂತಿಗಲ್ಲ. 1930ರ ದಶಕದಲ್ಲಿ ಈ ಪದ್ಧತಿ ಹೋಯಿತು. ಹಳೆಯ ಹೇಳಿಕೆಯನ್ನು ಇಂದಿನ ಅರ್ಥದಲ್ಲಿ ಓದಿದರೆ ನಿಮ್ಮ ಇಡೀ ನಕ್ಷೆ ತಲೆಕೆಳಗಾಗುತ್ತದೆ.

ಸೀಟಿಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಮೂರು ಗಿಡ್ಡ ಸೀಟಿ ಎಂದರೆ ಎಂಜಿನ್ ಹಿಮ್ಮುಖ. ಮಂಜಿನಲ್ಲಿ ಎರಡು ಉದ್ದ ಸೀಟಿ ಎಂದರೆ ಹಡಗು ನೀರಿನಲ್ಲಿ ನಿಂತಿದೆ. ಕೆಂಡಲ್ ಎರಡನ್ನೂ ಕೊಟ್ಟೆ ಎಂದರು. ಮಂಜು ಶಬ್ದದ ದಿಕ್ಕನ್ನು ಕೆಡಿಸುತ್ತದೆ, ಆದ್ದರಿಂದ ಸೀಟಿ ಕೇಳಿತು ಎಂಬುದನ್ನು ನಂಬಿ, ಯಾವ ಕಡೆಯಿಂದ ಎಂಬುದನ್ನು ಅಷ್ಟು ನಂಬಬೇಡಿ. ದೂರಕ್ಕೆ ಒಂದು ಲೆಕ್ಕ ನೆನಪಿಡಿ: 10 ನಾಟ್ ವೇಗ ಎಂದರೆ ನಿಮಿಷಕ್ಕೆ ಸುಮಾರು 309 ಮೀಟರ್. ‘ಎರಡು ನಿಮಿಷ ಮೊದಲು ಪಕ್ಕದಲ್ಲೇ ಇತ್ತು’ ಎನ್ನುವ ಮಾತು ಈ ಲೆಕ್ಕಕ್ಕೆ ನಿಲ್ಲುತ್ತದೆಯೇ ನೋಡಿ.

ಹಡಗಿನ ಕೆಳಭಾಗದಲ್ಲಿ ಕೆಲಸ ಮಾಡುವವರ ಹೇಳಿಕೆಗೆ ಹೆಚ್ಚು ಬೆಲೆ ಕೊಡಿ. ಎಂಜಿನ್ ಕೋಣೆಯವರಿಗೆ ಎದುರಿನ ಹಡಗು ಕಾಣುವುದಿಲ್ಲ, ಅದಕ್ಕೇ ಯಾರ ತಪ್ಪು ಎಂಬ ವಾದದ ನೆರಳು ಅವರ ಮಾತಿನ ಮೇಲೆ ಕಡಿಮೆ. ಯಾವ ಆಜ್ಞೆ ಬಂತು, ಎಂಜಿನ್ ಯಾವಾಗ ನಿಂತಿತು, ನೀರು ಎಲ್ಲಿಂದ ನುಗ್ಗಿತು, ದೀಪ ಯಾವಾಗ ಆರಿತು ಎಂಬುದನ್ನು ಅವರಿಂದಲೇ ತಿಳಿಯಿರಿ. ಎಂಪ್ರೆಸ್‌ನ ನೀರುತಡೆ ಬಾಗಿಲುಗಳನ್ನು ಕೈಯಿಂದಲೇ ಮುಚ್ಚಬೇಕಿತ್ತು. ಹಡಗು ಬೇಗನೆ ವಾಲಿದ್ದರಿಂದ ಅದು ಕಷ್ಟವಾಯಿತು, ತೆರೆದಿದ್ದ ಕಿಟಕಿಗಳಿಂದಲೂ ನೀರು ಬಂತು. ಅಷ್ಟು ಬೇಗ ಮುಳುಗಿದ್ದಕ್ಕೆ ಕಾರಣ ಹುಡುಕುವವರು ಮೇಲಿನ ಜಗಳ ಬಿಟ್ಟು ಇಲ್ಲಿ ನೋಡಬೇಕು.

ತೀರ್ಪನ್ನು ಕಡೆಗೆ ಓದಿ, ನಿಮ್ಮ ನಕ್ಷೆ ಮುಗಿದ ಮೇಲೆ. ಬ್ರಿಟಿಷ್ ನ್ಯಾಯಾಧೀಶ ಲಾರ್ಡ್ ಮರ್ಸಿ ಅಧ್ಯಕ್ಷತೆಯಲ್ಲಿ ಕೆನಡಾದಲ್ಲಿ ವಿಚಾರಣೆ ನಡೆಸಿದ ಆಯೋಗ, ಮಂಜಿನಲ್ಲಿ ದಿಕ್ಕು ಬದಲಿಸಿದ್ದಕ್ಕೂ ಕ್ಯಾಪ್ಟನ್ನನ್ನು ಕರೆಯದಿದ್ದಕ್ಕೂ ಸ್ಟೋರ್‌ಸ್ಟಾಡ್‌ನ ಮುಖ್ಯ ಅಧಿಕಾರಿಯನ್ನು ಹೊಣೆ ಮಾಡಿತು. ನಾರ್ವೆಯ ವಿಚಾರಣೆ ಅದೇ ಹಡಗಿನವರನ್ನು ದೋಷಮುಕ್ತರೆಂದಿತು. ಎರಡನ್ನೂ ನಿಮ್ಮ ನಕ್ಷೆಯ ಪಕ್ಕದಲ್ಲಿಟ್ಟು, ಯಾವ ವಾಕ್ಯಕ್ಕೆ ಯಾವ ಸಾಕ್ಷಿಯ ಆಧಾರವಿದೆ ಎಂದು ಒಂದೊಂದಾಗಿ ಗುರುತು ಹಾಕಿ.