ಮನೋವೈದ್ಯರು ಬರೆದ ಬ್ರ್ಯಾಂಡ್ ಮಾತ್ರೆಯ ಖರ್ಚು ಇಳಿಸುವುದು ಹೇಗೆ

ಮೊದಲ ಕೆಲಸ ಆಗಬೇಕಾದ್ದು ಡಾಕ್ಟರ ಮುಂದೆ. ಮನೋರೋಗದ ಮಾತ್ರೆಗಳಲ್ಲಿ ಬಹುಪಾಲು ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ, ಅಂದರೆ ಡಾಕ್ಟರ ಚೀಟಿ ಇದ್ದರಷ್ಟೇ ಮಾರಬಹುದಾದವು. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ, ಅದೇ ಸಾಲ್ಟ್ (ಮಾತ್ರೆಯೊಳಗಿನ ಮೂಲ ಔಷಧ) ಇರುವ ಬೇರೆ ಕಂಪನಿಯ ಮಾತ್ರೆಯನ್ನು ಮೆಡಿಕಲ್ ಶಾಪಿನವರು ತಾವಾಗಿ ಕೊಡುವಂತಿಲ್ಲ. ಔಷಧ ನಿಯಮಾವಳಿಯ 65ನೇ ನಿಯಮ ಇದನ್ನು ತಡೆಯುತ್ತದೆ. ಹಾಗಾಗಿ “ಸಾಲ್ಟ್ ಹೆಸರು ಬರೆದುಕೊಡಿ ಸಾರ್, ಜನೌಷಧಿಯಲ್ಲಿ ತಗೋತೀವಿ” ಎಂದು ಕೇಳಿಬಿಡಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಚೀಟಿಯಲ್ಲಿ ಸಾಲ್ಟ್, ಮಿಲಿಗ್ರಾಂ, ಮಾತ್ರೆಯ ಬಗೆ ಮೂರೂ ಇರಲಿ. ಎಡವಟ್ಟಾಗುವುದು ಹೆಚ್ಚಾಗಿ ಮೂರನೆಯದರಲ್ಲೇ. ಕ್ವೆಟಿಯಾಪಿನ್ ಎಸ್‌ಆರ್ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಅದರ ಬದಲು ಸಾದಾ ಮಾತ್ರೆ ನುಂಗಿದರೆ ಔಷಧವೆಲ್ಲ ಬೇಗನೆ ಸೇರಿ ವಿಪರೀತ ಮಂಪರು, ಎದ್ದು ನಿಂತರೆ ತಲೆಸುತ್ತು ಬರಬಹುದು. ಎಸಿಟಾಲೋಪ್ರಾಮ್ 10 ಮತ್ತು ಸಿಟಾಲೋಪ್ರಾಮ್ 10 ಕೂಡ ಒಂದೇ ಅಲ್ಲ. ಬ್ರ್ಯಾಂಡ್ ಹೆಸರಿನ ಕೊನೆಗೆ ‘ಪ್ಲಸ್’ ಎಂದಿದ್ದರೆ ಸ್ಟ್ರಿಪ್ಪಿನ ಹಿಂಬದಿ ಓದಿ: ಎಸಿಟಾಲೋಪ್ರಾಮ್ ಜೊತೆ ಕ್ಲೊನಾಜೆಪಾಮ್ ಎಂಬ ಆತಂಕ ತಗ್ಗಿಸುವ ಔಷಧ ಸೇರಿಸಿದ ಮಾತ್ರೆಗಳು ಬಹಳ ಇವೆ. ಕ್ಲೊನಾಜೆಪಾಮ್ ಅನ್ನು ಎಷ್ಟೋ ಸಲ ಮೊದಲ ಕೆಲವು ವಾರಗಳಿಗೆಂದೇ ಬರೆದಿರುತ್ತಾರೆ, ಆಮೇಲೆ ಅದು ಸುಮ್ಮನೆ ಮುಂದುವರಿಯುತ್ತದೆ. ಇನ್ನೂ ಬೇಕೇ ಎಂದು ವಿಚಾರಿಸಿ; ನೀವಾಗಿ ನಿಲ್ಲಿಸಬೇಡಿ.

ಬೆಲೆ ನೋಡಲು ‘ಜನೌಷಧಿ ಸುಗಮ್’ ಆ್ಯಪ್ ಸಾಕು. ಸಾಲ್ಟ್ ಹೆಸರು ಹಾಕಿದರೆ ದರ ಸಿಗುತ್ತದೆ, ಹತ್ತಿರದ ಕೇಂದ್ರವೂ ಗೊತ್ತಾಗುತ್ತದೆ. ಆದರೆ ಹೊರಡುವ ಮುನ್ನ ಫೋನ್ ಮಾಡಿ, ಏಕೆಂದರೆ ಪಟ್ಟಿಯಲ್ಲಿರುವುದೆಲ್ಲ ಕಪಾಟಿನಲ್ಲಿ ಇರುವುದಿಲ್ಲ. ಲಿಥಿಯಂ, ರಿಸ್ಪೆರಿಡೋನ್‌ನಂಥ ಸರ್ಕಾರದ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿರುವವುಗಳಿಗೆ ಸರ್ಕಾರವೇ ಗರಿಷ್ಠ ದರ ಕಟ್ಟಿದೆ. ಅದನ್ನು ‘ಫಾರ್ಮಾ ಸಹಿ ದಾಮ್’ ಆ್ಯಪ್‌ನಲ್ಲಿ ನೋಡಬಹುದು.

ದುಡ್ಡೇ ಕೊಡದೆ ಪಡೆಯುವ ದಾರಿಯನ್ನು ಬಹಳ ಮಂದಿ ಮರೆಯುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಅತ್ಯಗತ್ಯ ಪಟ್ಟಿಯ ಮನೋರೋಗ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ಬಿಪಿಎಲ್ ಕಾರ್ಡ್ ಇಲ್ಲದವರಿಗೂ ಈ ಹಕ್ಕಿದೆ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮೂರಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹಳೆಯ ಸ್ಟ್ರಿಪ್ ಪೂರ್ತಿ ಮುಗಿಯುವವರೆಗೆ ಕಾಯಬೇಡಿ. ವಾರಕ್ಕಾಗುವಷ್ಟು ಮಾತ್ರೆ ಕೈಯಲ್ಲಿರುವಾಗಲೇ ಹೊಸದನ್ನು ಹುಡುಕಿ. ವೆನ್ಲಾಫ್ಯಾಕ್ಸಿನ್ ಒಂದೆರಡು ದಿನ ತಪ್ಪಿದರೂ ತಲೆ ತಿರುಗಿ, ತಲೆಯೊಳಗೆ ಶಾಕ್ ಹೊಡೆದಂತಾಗುತ್ತದೆ. ಕ್ಲೊಜಾಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದರಂತೂ ಹಳೆಯ ಡೋಸ್ ನುಂಗಲೇಬಾರದು. ಡಾಕ್ಟರ ಸಲಹೆ ಪಡೆದು 12.5 ಮಿಲಿಗ್ರಾಂನಿಂದ ಮತ್ತೆ ಏರಿಸಿಕೊಂಡು ಬರಬೇಕು. ಲಿಥಿಯಂ ಕಂಪನಿ ಬದಲಾದರೆ ಸುಮಾರು ಒಂದು ವಾರಕ್ಕೆ ರಕ್ತದಲ್ಲಿನ ಲಿಥಿಯಂ ಮಟ್ಟದ ಪರೀಕ್ಷೆ ಮಾಡಿಸಿ, ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಿ. ಆ ಪರೀಕ್ಷೆಯ ಖರ್ಚು ಉಳಿಸಲು ಹೋಗಬೇಡಿ.

ಇನ್ನೊಂದು ಸಣ್ಣ ಉಳಿತಾಯವಿದೆ. 20 ಮಿಲಿಗ್ರಾಂ ಮಾತ್ರೆಯ ಬೆಲೆ 10 ಮಿಲಿಗ್ರಾಂನದಕ್ಕೆ ಇಮ್ಮಡಿ ಇರಲೇಬೇಕೆಂದಿಲ್ಲ. ಡಾಕ್ಟರು ಒಪ್ಪಿದರೆ, ನಡುವೆ ಗೆರೆ ಇರುವ ಸಾದಾ ಮಾತ್ರೆಯನ್ನು ಅರ್ಧ ಮಾಡಿ ನುಂಗಬಹುದು. ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದಿರುವ, ನಿಧಾನವಾಗಿ ಸೇರುವ ಮಾತ್ರೆಯನ್ನೂ ಕ್ಯಾಪ್ಸೂಲನ್ನೂ ಹಾಗೆ ಮಾಡುವಂತಿಲ್ಲ.